ಕಡಿಮೆ ಬಜೆಟ್‌ನ ಸ್ವತಂತ್ರ ಚಿತ್ರ ಮತ್ತು ಪ್ರೇಕ್ಷಕರ ಅಭಿಪ್ರಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಚಿತ್ರಗಳ ಪ್ರದರ್ಶನ ಮುಗಿದ ಮೇಲೆ ನೋಡಿದವರೊಂದಿಗೆ ಮಾತುಕತೆ ನಡೆಸುವುದು, ಅವರು ಬರೆದುಕೊಟ್ಟ ಚೀಟಿಗಳನ್ನು ಓದಿ, ವಿಂಗಡಿಸಿ ನಿರ್ದೇಶಕರಿಗೆ ತಲುಪಿಸುವುದು ಕೆಲವು ವರ್ಷಗಳಿಂದ ನಾನು ಮಾಡಿಕೊಂಡು ಬಂದಿರುವ ಕೆಲಸ. ನೋಡುಗರು ಕೇಳಿದ ಪ್ರಶ್ನೆಗಳಲ್ಲಿಯೂ ಚಿತ್ರ ಮಾಡಿದವರು ಕೇಳಿದ ಪ್ರಶ್ನೆಗಳಲ್ಲಿಯೂ ಮತ್ತೆ ಮತ್ತೆ ಎದುರಾದವನ್ನು ಆಯ್ದು, ಕೇಳಿದವರ ಮಾತಿನಲ್ಲಿಯೇ ಇಟ್ಟು, ಇಲ್ಲಿ ಉತ್ತರಿಸಿದ್ದೇನೆ. ಮೊದಲ ಎರಡು ಭಾಗಗಳು ನೋಡುಗರಿಗೆ, ಮೂರನೆಯದು ಅಂಕಗಳ ಬಗ್ಗೆ ತಲೆ ಕೆಡಿಸಿಕೊಂಡವರಿಗೆ, ಕೊನೆಯದು ಚಿತ್ರ ಮಾಡಿದವರಿಗೆ.

## ಆರಂಭದ ಪ್ರಶ್ನೆಗಳು

ಸ್ವತಂತ್ರ ಚಿತ್ರ ಅಂದರೆ ಕಡಿಮೆ ಖರ್ಚಿನ ಸಿನಿಮಾ ಅಂತಲೇ ಅರ್ಥವಾ?

ಅಲ್ಲ. ‘ಸ್ವತಂತ್ರ’ ಎಂಬ ಮಾತು ಹಣದ ಮೊತ್ತಕ್ಕಿಂತ ಹೆಚ್ಚಾಗಿ ಕೊನೆಯ ತೀರ್ಮಾನ ಯಾರದು ಎಂಬುದಕ್ಕೆ ಸಂಬಂಧಿಸಿದ್ದು. ದೊಡ್ಡ ನಿರ್ಮಾಣ ಸಂಸ್ಥೆಗಳ ಹೊರಗೆ ಹಣ ಹೊಂದಿಸಿಕೊಂಡು, ಕಥೆ, ನಟವರ್ಗ, ಅಂತಿಮ ಸಂಕಲನ ಇವುಗಳನ್ನು ಚಿತ್ರ ಮಾಡುವವರೇ ನಿರ್ಧರಿಸಿದ್ದರೆ ಅದು ಸ್ವತಂತ್ರ ಚಿತ್ರ. ದೊಡ್ಡ ಸಂಸ್ಥೆಯೊಂದು ಕೈ ಬಿಗಿ ಹಿಡಿದು ಮಾಡಿಸಿದ ಚಿತ್ರ ಬರೀ ಕಡಿಮೆ ಬಜೆಟ್‌ನ ಚಿತ್ರ. ಎರಡೂ ಒಂದೇ ಚಿತ್ರದಲ್ಲಿ ಕೂಡಿಬರುವುದು ಸಾಮಾನ್ಯವಾದ್ದರಿಂದ ಗೊಂದಲವೂ ಸಾಮಾನ್ಯ.

ಪ್ರಚಾರದಲ್ಲಿ ಹೇಳುವ ಮೊತ್ತವನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ರಾಬರ್ಟ್ ರೊಡ್ರಿಗೆಜ್ ಅವರ ‘ಎಲ್ ಮರಿಯಾಚಿ’ (1992) ಸುಮಾರು 7,000 ಡಾಲರ್‌ಗಳಲ್ಲಿ ತಯಾರಾಯಿತು ಎಂಬುದು ಪ್ರಸಿದ್ಧವಾದ ಮಾತು. ಆದರೆ ಚಿತ್ರಮಂದಿರದಲ್ಲಿ ಜನ ನೋಡಿದ ಪ್ರತಿಗೆ ದೊಡ್ಡ ನಿರ್ಮಾಣ ಸಂಸ್ಥೆಯಾದ ಕೊಲಂಬಿಯಾ ಧ್ವನಿಯ ಮರುಮಿಶ್ರಣ, ಫಿಲ್ಮ್ ಪ್ರತಿ, ಪ್ರಚಾರ ಎಂದು ಅದರ ಎಷ್ಟೋ ಪಟ್ಟು ಖರ್ಚು ಮಾಡಿತ್ತು. ನೀವು ಮೊನ್ನೆ ನೋಡಿದ ಸಣ್ಣ ಚಿತ್ರಕ್ಕೆ ಅಂಥ ಎರಡನೆಯ ಖರ್ಚು ಮಾಡುವವರು ಸಿಕ್ಕಿರುವುದಿಲ್ಲ. ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ‘ಅಷ್ಟು ಕಡಿಮೆ ಹಣದಲ್ಲಿ ಅವರು ಮಾಡಿದರಲ್ಲ’ ಎನ್ನುವುದು ನ್ಯಾಯವಲ್ಲ.

ಬಜೆಟ್ ಕಡಿಮೆ ಅಂತ ಗೊತ್ತಿದ್ದರೆ ಸ್ವಲ್ಪ ಉದಾರವಾಗಿ ನೋಡಬೇಕಾ?

ಹಣವಿಲ್ಲದ್ದರಿಂದ ಆಗದೆ ಹೋದದ್ದಕ್ಕೆ ಉದಾರವಾಗಿರಿ, ಯೋಚಿಸದ್ದರಿಂದ ಆಗದೆ ಹೋದದ್ದಕ್ಕೆ ಬೇಡ. ಸಿನಿಮಾದಲ್ಲಿ ಹಣ ಕೊಳ್ಳುವುದು ಬಹುಮಟ್ಟಿಗೆ ಸಮಯವನ್ನು: ಇನ್ನೊಂದು ಟೇಕ್, ಮಳೆ ನಿಲ್ಲುವವರೆಗೆ ಕಾಯುವ ಅವಕಾಶ, ಬೆಳಕು ಜೋಡಿಸಲು ಎರಡು ಗಂಟೆ. ಜನಜಂಗುಳಿಯ ದೃಶ್ಯದಲ್ಲಿ ಎಂಟೇ ಜನರಿದ್ದರೆ, ಒಂದೇ ಮನೆಯ ಎರಡು ಗೋಡೆಗಳು ಎರಡು ಮನೆಗಳಾಗಿ ಕಾಣಿಸಿಕೊಂಡಿದ್ದರೆ ಅದು ಹಣದ ಕೊರತೆ. ಮೂರನೆಯ ದೃಶ್ಯದಲ್ಲಿ ಹೇಳಿದ ಮಾತನ್ನೇ ಹತ್ತನೆಯ ದೃಶ್ಯದಲ್ಲಿ ಇನ್ನೊಬ್ಬರ ಬಾಯಿಂದ ಹೇಳಿಸಿದ್ದರೆ ಅದು ಬರವಣಿಗೆಯ ಮೇಜಿನ ಮೇಲೆ, ಬಿಡಿಗಾಸಿನ ಖರ್ಚಿಲ್ಲದೆ ಸರಿಹೋಗಬಹುದಾಗಿದ್ದ ದೋಷ. ಎರಡನೆಯದಕ್ಕೂ ಬಜೆಟ್ಟನ್ನೇ ದೂರುವ ನಿರ್ದೇಶಕರನ್ನು ಕಂಡಾಗ ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆ ನೆನಪಾಗುತ್ತದೆ.

ಎಂಟೇ ಜನರಿರುವ ಜಂಗುಳಿಯನ್ನು ವಿಶಾಲವಾದ ಶಾಟ್‌ನಲ್ಲಿ ತೋರಿಸಿ ಬಡತನವನ್ನು ಬಯಲು ಮಾಡಿಕೊಳ್ಳಬೇಕೇ, ಅಥವಾ ಒಂದು ಮುಖ ಮತ್ತು ಹಿನ್ನೆಲೆಯ ಗದ್ದಲದಿಂದ ಅದೇ ಜಂಗುಳಿಯನ್ನು ಕಟ್ಟಿಕೊಡಬೇಕೇ ಎಂಬ ಆಯ್ಕೆ ಮಾತ್ರ ನಿರ್ದೇಶಕರದೇ. ಅಲ್ಲಿ ರಿಯಾಯಿತಿ ಕೊಡಬೇಕಾಗಿಲ್ಲ.

ನಾನು ಸಿನಿಮಾ ಓದಿದವನಲ್ಲ. ನನ್ನ ಅಭಿಪ್ರಾಯಕ್ಕೆ ಬೆಲೆ ಇದೆಯಾ?

ಇದೆ. ನೋಡುವಾಗ ನಿಮಗೆ ಏನಾಯಿತು ಎಂಬುದನ್ನು ಬಲ್ಲವರು ನೀವೊಬ್ಬರೇ. ‘ಎರಡನೆಯ ಅಂಕದ ರಚನೆ ಸಡಿಲ’ ಎಂಬ ವಾಕ್ಯಕ್ಕಿಂತ ‘ಅವಳು ಊರಿಗೆ ಮರಳಿದ ಮೇಲೆ ನನಗೆ ಯಾಕೋ ಅವಳ ಬಗ್ಗೆ ಕಾಳಜಿ ಉಳಿಯಲಿಲ್ಲ’ ಎಂಬ ವಾಕ್ಯ ನಿರ್ದೇಶಕರಿಗೆ ಹೆಚ್ಚು ಉಪಯುಕ್ತ, ಏಕೆಂದರೆ ಮೊದಲನೆಯದು ತೀರ್ಪು, ಎರಡನೆಯದು ಸಾಕ್ಷ್ಯ.

ಗೆಳೆಯನ ಸಿನಿಮಾ. ನನಗೆ ಇಷ್ಟವಾಗಲಿಲ್ಲ. ಮುಖದ ಮೇಲೆ ಹೇಳೋದು ಹೇಗೆ?

ಮೊದಲು, ಚಿತ್ರ ಯಾವ ಹಂತದಲ್ಲಿದೆ ಎಂದು ತಿಳಿದುಕೊಳ್ಳಿ. ಸಂಕಲನ ಇನ್ನೂ ಮುಗಿದಿಲ್ಲವಾದರೆ ಸುಮ್ಮನಿರುವುದು ಗೆಳೆತನವಲ್ಲ. ಬೇಸರ ಬಂದ ಜಾಗಗಳನ್ನು ಗುರುತು ಹಾಕಿಕೊಂಡು ಎರಡು ಮೂರು ದಿನಗಳೊಳಗೆ ಕೂತು ಹೇಳಿ. ಚಿತ್ರ ಮುಗಿದು, ಮೊದಲ ಪ್ರದರ್ಶನದ ಬಾಗಿಲಲ್ಲಿ ನಿಮ್ಮ ಗೆಳೆಯ ನಿಂತಿದ್ದರೆ, ಆ ಕ್ಷಣದಲ್ಲಿ ಅವನಿಗೆ ಬೇಕಾದದ್ದು ವಿಮರ್ಶೆಯಲ್ಲ. ನಿಜವಾಗಿಯೂ ಹಿಡಿಸಿದ ಒಂದು ಸಂಗತಿಯನ್ನು ಹೆಸರಿಸಿ ಹೇಳಿ, ಉಳಿದದ್ದನ್ನು ಅವನು ಕೇಳಿದಾಗ ಹೇಳಿ. ಸುಳ್ಳು ಹೊಗಳಿಕೆ ಮಾತ್ರ ಬೇಡ. ‘ಬಹಳ ಪ್ರಯತ್ನಪಟ್ಟಿದ್ದೀಯ’ ಎಂಬ ಮಾತು ಹೊಗಳಿಕೆಯೆಂದು ಯಾರಿಗೂ ಕೇಳಿಸುವುದಿಲ್ಲ ಎಂಬುದನ್ನೂ ನೆನಪಿಡಿ.

## ಪರದೆಯ ಮೇಲೆ ಕಂಡದ್ದರ ಬಗ್ಗೆ

ದೃಶ್ಯಗಳೆಲ್ಲ ಚೆನ್ನಾಗಿಯೇ ಕಾಣಿಸುತ್ತವೆ, ಆದರೂ ಏನೋ ಅಗ್ಗದ ಸಿನಿಮಾ ಅನ್ನಿಸುತ್ತದೆ. ಯಾಕೆ?

ಹತ್ತರಲ್ಲಿ ಏಳೆಂಟು ಸಲ ಉತ್ತರ ಧ್ವನಿ. ನಾನು ಓದಿದ ಚೀಟಿಗಳಲ್ಲಿ ‘ಧ್ವನಿ ಸರಿಯಿಲ್ಲ’ ಎಂದು ನೇರವಾಗಿ ಬರೆದವರು ಕಡಿಮೆ. ಅವರು ಬರೆಯುವುದು ‘ನಾಟಕದಂತಿದೆ’, ‘ಕಿರುಚಿತ್ರದಂತಿದೆ’, ‘ಪಾತ್ರಗಳು ಹತ್ತಿರವಾಗಲಿಲ್ಲ’ ಎಂದು. ಅದೇ ದೃಶ್ಯವನ್ನು ಧ್ವನಿ ಸರಿಪಡಿಸಿದ ಮೇಲೆ ತೋರಿಸಿದರೆ ಆ ದೂರುಗಳು ಇಳಿದುಹೋದದ್ದನ್ನು ಕಂಡಿದ್ದೇನೆ.

ಇದಕ್ಕೆ ಕಾರಣಗಳು ತೀರ ಭೌತಿಕವಾದವು. ಮಾತನಾಡುವವರಿಗೂ ಮೈಕ್‌ಗೂ ನಡುವಿನ ದೂರ ಇಮ್ಮಡಿಯಾದರೆ ನೇರವಾಗಿ ತಲುಪುವ ಧ್ವನಿ ಸುಮಾರು 6 ಡೆಸಿಬಲ್‌ನಷ್ಟು ಇಳಿಯುತ್ತದೆ. ಗೋಡೆಗಳಿಗೆ ಬಡಿದು ಮರಳುವ ಧ್ವನಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಕ್ಯಾಮೆರಾದ ಮೇಲೆಯೇ ಮೈಕ್ ಕೂರಿಸಿ ದೂರದಿಂದ ಚಿತ್ರೀಕರಿಸಿದಾಗ ಪಾತ್ರಗಳು ಬಾವಿಯೊಳಗಿಂದ ಮಾತನಾಡಿದಂತೆ ಕೇಳಿಸುವುದು ಇದರಿಂದಲೇ. ಕಣ್ಣಿಗೆ ಮುಖ ಹತ್ತಿರ, ಕಿವಿಗೆ ಮಾತು ದೂರ. ಈ ಜಗಳವನ್ನು ನೋಡುಗರು ಅರಿವಿಲ್ಲದೆಯೇ ಗಮನಿಸುತ್ತಾರೆ. ಇನ್ನು, ಒಂದೇ ಸಂಭಾಷಣೆಯ ಬೇರೆ ಬೇರೆ ಶಾಟ್‌ಗಳನ್ನು ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ತೆಗೆದಿದ್ದರೆ ಪ್ರತಿ ಕತ್ತರಿಯ ಜಾಗದಲ್ಲಿಯೂ ಹಿನ್ನೆಲೆಯ ಗುಂಯ್‌ಗುಡುವಿಕೆ ಜಿಗಿಯುತ್ತದೆ. ಅದನ್ನು ಮುಚ್ಚಲು ಆ ಜಾಗದ ಮೌನವನ್ನೇ ಅರ್ಧ ಅಥವಾ ಒಂದು ನಿಮಿಷ ಪ್ರತ್ಯೇಕವಾಗಿ ಧ್ವನಿಮುದ್ರಿಸಿಕೊಳ್ಳಬೇಕು. ಎಲ್ಲರೂ ದಣಿದು, ಸಾಮಾನು ಕಟ್ಟುವ ಅವಸರದಲ್ಲಿರುವ ಹೊತ್ತಿನಲ್ಲಿ ‘ಒಂದು ನಿಮಿಷ ಯಾರೂ ಅಲ್ಲಾಡಬೇಡಿ’ ಎಂದು ಹೇಳುವ ಧೈರ್ಯ ಹೊಸ ತಂಡಗಳಿಗೆ ಇರುವುದಿಲ್ಲ, ಅಷ್ಟೆ. ಇಡೀ ಚಿತ್ರಕ್ಕೆ ಆಮೇಲೆ ಡಬ್ಬಿಂಗ್ ಮಾಡಿ, ಬಯಲಿನಲ್ಲಿ ನಡೆಯುವ ಮಾತಿಗೂ ಮುಚ್ಚಿದ ಕೋಣೆಯ ಧ್ವನಿಯನ್ನೇ ಕೊಟ್ಟರೆ ಇನ್ನೊಂದು ಬಗೆಯ ತೊಡಕು: ಕಾಲಡಿಯ ಸಪ್ಪಳವಿಲ್ಲ, ಬಟ್ಟೆಯ ಸರಸರವಿಲ್ಲ, ಮಾತು ಮಾತ್ರ ಗಾಳಿಯಲ್ಲಿ ತೇಲುತ್ತದೆ.

ಕಣ್ಣಿಗೆ ಕಾಣುವುದರ ವಿಷಯದಲ್ಲಿ ನೋಡುಗರು ಬಹಳ ಸಹಿಷ್ಣುಗಳು. 2015ರಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡ ‘ಟ್ಯಾಂಜರೀನ್’ ಅನ್ನು ಐಫೋನ್ 5ಎಸ್ ಫೋನ್‌ಗಳಿಂದ ಚಿತ್ರೀಕರಿಸಲಾಗಿತ್ತು. ಮಸುಕು, ಕಾಳುಕಾಳಾದ ರಾತ್ರಿಯ ದೃಶ್ಯ, ಅಲುಗಾಡುವ ಕ್ಯಾಮೆರಾ ಇವನ್ನೆಲ್ಲ ಒಂದು ಶೈಲಿ ಎಂದು ಒಪ್ಪಿಕೊಳ್ಳುವ ಅದೇ ಪ್ರೇಕ್ಷಕರು, ಕೇಳಿಸದ ಮಾತನ್ನು ಎಂದೂ ಶೈಲಿ ಎಂದು ಒಪ್ಪುವುದಿಲ್ಲ.

‘ನಟನೆ ಚೆನ್ನಾಗಿಲ್ಲ’ ಅಂದೆ, ನಿರ್ದೇಶಕರು ಬೇಸರ ಮಾಡಿಕೊಂಡರು. ನಟರು ಹೊಸಬರೇ ತಾನೇ?

ಹೊಸಬರಿರಬಹುದು, ಆದರೂ ತಪ್ಪು ಅವರದಲ್ಲದಿರಬಹುದು. ಪರದೆಯ ಮೇಲೆ ನಾವು ನಟನೆ ಎಂದು ಕರೆಯುವುದು ಸಂಭಾಷಣೆ, ಅಭಿನಯ, ಸಂಕಲನ ಮೂರೂ ಕೂಡಿದ ಫಲ. ‘ಹತ್ತು ವರ್ಷಗಳ ಹಿಂದೆ ನಮ್ಮ ತಂದೆ ತೀರಿಕೊಂಡ ಮೇಲೆ ನೀನು ಮನೆ ಬಿಟ್ಟು ಹೋದೆಯಲ್ಲ, ಅಣ್ಣ’ ಎಂಬ ಮಾತನ್ನು, ಕೇಳುವ ಅಣ್ಣನಿಗೆ ಎಲ್ಲವೂ ಗೊತ್ತಿರುವಾಗ, ಸಹಜವಾಗಿ ಆಡಬಲ್ಲ ನಟರು ಯಾರೂ ಇಲ್ಲ. ಅಂಥ ಮಾತು ಅಣ್ಣನಿಗಾಗಿ ಅಲ್ಲ, ನಮಗಾಗಿ ಆಡಿದ್ದು. ಕಿವಿಗೆ ಅದು ತಕ್ಷಣ ತಿಳಿಯುತ್ತದೆ.

ಸಂಕಲನದ ಪಾಲು ಇನ್ನೂ ಸೂಕ್ಷ್ಮ. ಭಾವವಿಲ್ಲದ ಒಂದೇ ಮುಖವನ್ನು ಬೇರೆ ಬೇರೆ ದೃಶ್ಯಗಳ ಪಕ್ಕದಲ್ಲಿಟ್ಟಾಗ ನೋಡುಗರು ಅದರಲ್ಲಿ ಬೇರೆ ಬೇರೆ ಭಾವಗಳನ್ನು ಓದಿಕೊಳ್ಳುವುದಕ್ಕೆ ರಷ್ಯದ ನಿರ್ದೇಶಕ ಲೆವ್ ಕುಲೆಶೋವ್ ಅವರ ಹೆಸರಿನಲ್ಲಿ ಕುಲೆಶೋವ್ ಪರಿಣಾಮ ಎನ್ನುತ್ತಾರೆ. ಅಂದರೆ ನಟರ ಅರ್ಧ ಕೆಲಸವನ್ನು ಎದುರಿನ ಶಾಟ್ ಮಾಡುತ್ತದೆ. ದಿನಕ್ಕೆ ಚಿತ್ರಕಥೆಯ ಎಂಟು ಹತ್ತು ಪುಟ ಮುಗಿಸಲೇಬೇಕಾದ ಚಿತ್ರೀಕರಣದಲ್ಲಿ ಮೊದಲು ಕೈಬಿಡುವುದು ಕೇಳುತ್ತಿರುವವರ ಮುಖದ ಶಾಟ್‌ಗಳನ್ನೇ. ಆಮೇಲೆ ಸಂಕಲನಕಾರರಿಗೆ ಮಾತನಾಡುತ್ತಿರುವವರ ಮುಖವೊಂದೇ ಉಳಿಯುತ್ತದೆ, ಅವರ ತಡವರಿಕೆಯ ಸಮೇತ.

ಆದ್ದರಿಂದ ‘ನಟನೆ ಚೆನ್ನಾಗಿಲ್ಲ’ ಎನ್ನುವ ಬದಲು ಯಾವ ದೃಶ್ಯದಲ್ಲಿ ಪಾತ್ರವನ್ನು ನಂಬಲಾಗಲಿಲ್ಲ ಎಂದು ಹೇಳಿದರೆ ಬೇಸರವೂ ಕಡಿಮೆ, ಪ್ರಯೋಜನವೂ ಹೆಚ್ಚು.

ಸಣ್ಣ ಸಿನಿಮಾಗಳೆಲ್ಲ ಯಾಕೆ ಇಷ್ಟು ಲ್ಯಾಗ್?

ಎರಡು ಬಗೆಯ ನಿಧಾನಗಳಿವೆ. ಒಂದು, ಬೇಕೆಂದು ತಂದ ನಿಧಾನ: ಪರದೆಯ ಮೇಲೆ ಹೆಚ್ಚೇನೂ ನಡೆಯದಿದ್ದರೂ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರುತ್ತದೆ, ಅದಕ್ಕಾಗಿ ಕಾಯುತ್ತೇವೆ. ಇನ್ನೊಂದು, ಗತ್ಯಂತರವಿಲ್ಲದೆ ಬಂದದ್ದು. ಒಂದು ದೃಶ್ಯವನ್ನು ನಾಲ್ಕು ಕೋನಗಳಿಂದ ತೆಗೆದಿದ್ದರೆ ಸಂಕಲನಕಾರರು ಬೇಡದ ಸಾಲನ್ನು ಕಿತ್ತು ಹಾಕಿ ಇನ್ನೊಂದು ಕೋನಕ್ಕೆ ದಾಟಬಹುದು. ಒಂದೇ ಉದ್ದ ಶಾಟ್‌ನಲ್ಲಿ ತೆಗೆದಿದ್ದರೆ ನಡುವೆ ಕತ್ತರಿ ಹಾಕಲು ಜಾಗವೇ ಇರುವುದಿಲ್ಲ. ನಟರು ಬಾಗಿಲಿನಿಂದ ಕುರ್ಚಿಯವರೆಗೆ ನಡೆಯುವುದನ್ನು ನೀವು ಪೂರ್ತಿ ನೋಡಲೇಬೇಕು.

ಮೂರನೆಯ ಕಾರಣವೂ ಒಂದಿದೆ, ಅದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ಮೂರು ರಾತ್ರಿ ನಿದ್ದೆಗೆಟ್ಟು ತೆಗೆದ ದೃಶ್ಯವನ್ನು ತೆಗೆದವರೇ ಕೂತು ಸಂಕಲನ ಮಾಡಿದಾಗ ಅದನ್ನು ಬಿಸಾಡಲು ಕೈ ಬರುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

ಕೊನೆ ಅರ್ಥವಾಗಲಿಲ್ಲ. ತಪ್ಪು ನನ್ನದಾ, ಚಿತ್ರದ್ದಾ?

ನಿಮ್ಮನ್ನೇ ಕೇಳಿಕೊಳ್ಳಿ: ಏನು ನಡೆಯಿತು ಎಂಬುದು ತಿಳಿಯಲಿಲ್ಲವೇ, ಅಥವಾ ನಡೆದದ್ದರ ಅರ್ಥವೇನು ಎಂಬುದು ತಿಳಿಯಲಿಲ್ಲವೇ? ಅವಳು ರೈಲು ಹತ್ತಿದಳು ಎಂಬುದು ಸ್ಪಷ್ಟವಾಗಿದ್ದು, ಯಾಕೆ ಹತ್ತಿದಳು ಎಂಬುದು ಮನಸ್ಸಿನಲ್ಲಿ ಕೊರೆಯುತ್ತಿದ್ದರೆ ಚಿತ್ರ ತನ್ನ ಕೆಲಸ ಮಾಡಿರಬಹುದು. ಹತ್ತಿದವಳು ಅವಳೋ ಅವಳ ತಂಗಿಯೋ ಎಂಬುದೇ ಗೊತ್ತಾಗದೆ ಹೊರಬಂದಿದ್ದರೆ ಅದು ಗೂಢವಲ್ಲ, ಬೆಳಕಿನ ಅಥವಾ ಸಂಕಲನದ ಲೋಪ.

## ಅಂಕಗಳ ಬಗ್ಗೆ

ರೇಟಿಂಗ್ 9 ಇತ್ತು, ಹೋಗಿ ನೋಡಿದರೆ ಸಾಧಾರಣ ಸಿನಿಮಾ. ಮೋಸ ಮಾಡಿದ್ದಾರಾ?

ಮೋಸವೇ ಆಗಿರಬೇಕಾಗಿಲ್ಲ. ಸಣ್ಣ ಚಿತ್ರಕ್ಕೆ ಮೊದಲು ಅಂಕ ಕೊಡುವವರು ಅದರಲ್ಲಿ ಕೆಲಸ ಮಾಡಿದವರು, ಅವರ ಬಂಧುಗಳು, ಗೆಳೆಯರು. ಅವರ ಪ್ರೀತಿ ಸುಳ್ಳಲ್ಲ, ಅದು ಚಿತ್ರದ ಮೇಲಿನ ಪ್ರೀತಿಯಲ್ಲ ಅಷ್ಟೆ. ಇಪ್ಪತ್ತು ಜನ ಅಂಕ ಕೊಟ್ಟಿರುವಾಗ ಅವರಲ್ಲಿ ಹದಿನೈದು ಜನ ಇಂಥವರೇ ಆಗಿರಬಹುದು; ಇಪ್ಪತ್ತು ಸಾವಿರ ಜನ ಕೊಟ್ಟಿದ್ದರೆ ಅವರ ಪಾಲು ಕರಗಿಹೋಗುತ್ತದೆ. ಆದ್ದರಿಂದ ಅಂಕಕ್ಕಿಂತ ಮೊದಲು ಎಷ್ಟು ಜನ ಕೊಟ್ಟಿದ್ದಾರೆ ಎಂಬುದನ್ನು ನೋಡಬೇಕು.

ಇದನ್ನು ಸರಿದೂಗಿಸಲು ಒಂದು ಹಳೆಯ ಲೆಕ್ಕವಿದೆ. ಎಲ್ಲ ಚಿತ್ರಗಳ ಒಟ್ಟು ಸರಾಸರಿ 6.5 ಇದ್ದು, ಹೊಸ ಚಿತ್ರಕ್ಕೆ 20 ಜನ ಸರಾಸರಿ 9 ಕೊಟ್ಟಿದ್ದಾರೆ ಎನ್ನಿ. ಆ ಒಟ್ಟು ಸರಾಸರಿಯನ್ನೇ ಕೊಟ್ಟ 100 ಕಾಲ್ಪನಿಕ ನೋಡುಗರನ್ನು ಈ ಇಪ್ಪತ್ತರ ಜೊತೆ ಸೇರಿಸಿದರೆ ಬರುವುದು ಸುಮಾರು 6.9. ನೈಜ ನೋಡುಗರು ಹೆಚ್ಚಿದಂತೆಲ್ಲ ಕಾಲ್ಪನಿಕರ ತೂಕ ಇಳಿಯುತ್ತದೆ. ಚಿತ್ರಗಳ ಅಂಕ ಪ್ರಕಟಿಸುವ ಐಎಂಡಿಬಿ ತಾಣ ಕೂಡ ಬರೀ ಸರಾಸರಿಯನ್ನಲ್ಲ, ತನ್ನದೇ ರೀತಿಯಲ್ಲಿ ತೂಕ ಹಾಕಿದ ಸರಾಸರಿಯನ್ನು ತೋರಿಸುತ್ತದೆ.

ಶೇಕಡಾ 95 ಅಂದರೆ 10ಕ್ಕೆ 9.5 ಅಲ್ಲವಾ?

ಅಲ್ಲ, ಇದು ಬಹಳ ಜನ ಜಾರುವ ಜಾಗ. ರಾಟನ್ ಟೊಮ್ಯಾಟೋಸ್ ತಾಣದ ವಿಮರ್ಶಕರ ಶೇಕಡಾವಾರು ಹೇಳುವುದು ಎಷ್ಟು ವಿಮರ್ಶೆಗಳು ಒಟ್ಟಾರೆ ಪರವಾಗಿದ್ದವು ಎಂಬುದನ್ನು ಮಾತ್ರ. 60 ಅಥವಾ ಹೆಚ್ಚು ಬಂದರೆ ಚಿತ್ರ ‘ತಾಜಾ’. ಅಲ್ಲಿನ ಪ್ರೇಕ್ಷಕರ ಶೇಕಡಾವಾರು 5ಕ್ಕೆ 3.5 ಅಥವಾ ಹೆಚ್ಚು ನಕ್ಷತ್ರ ಕೊಟ್ಟವರ ಪ್ರಮಾಣ. ಎಲ್ಲರೂ ‘ಪರವಾಗಿಲ್ಲ, ನೋಡಬಹುದು’ ಎಂದ ಚಿತ್ರಕ್ಕೆ 100 ಸಿಗಬಹುದು. ಹತ್ತರಲ್ಲಿ ಆರು ಜನರ ಬದುಕಿನ ಅಚ್ಚುಮೆಚ್ಚಿನದಾಗಿ, ಉಳಿದ ನಾಲ್ವರನ್ನು ರೇಗಿಸಿದ ಚಿತ್ರಕ್ಕೆ 60.

ಸಿನೆಮಾಸ್ಕೋರ್ ಎಂಬ ಇನ್ನೊಂದು ಅಳತೆ ಅಮೆರಿಕದಲ್ಲಿ ಶುರುವಾದದ್ದು 1979ರಲ್ಲಿ. ಬಿಡುಗಡೆಯ ಮೊದಲ ರಾತ್ರಿ ಚಿತ್ರಮಂದಿರದಲ್ಲಿಯೇ ಪ್ರೇಕ್ಷಕರಿಗೆ ಕಾರ್ಡ್ ಕೊಟ್ಟು ಎ ಪ್ಲಸ್‌ನಿಂದ ಎಫ್‌ವರೆಗೆ ಶ್ರೇಣಿ ಪಡೆಯುತ್ತಾರೆ. ಮೊದಲ ರಾತ್ರಿ ಬರುವವರು ತಾವಾಗಿ ಆರಿಸಿಕೊಂಡು ಬಂದವರಾದ್ದರಿಂದ ಅಲ್ಲಿ ಬಿ ಬಂದರೂ ಅದು ದೊಡ್ಡ ಹೊಗಳಿಕೆಯಲ್ಲ, ನಿರೀಕ್ಷೆ ತುಂಬಿತೇ ಇಲ್ಲವೇ ಎಂಬುದರ ಅಳತೆ. ವ್ಯಾಪಕವಾಗಿ ಬಿಡುಗಡೆಯಾಗುವ ಚಿತ್ರಗಳಿಗಾಗಿ ಇರುವ ಈ ಪದ್ಧತಿಯಿಂದ ಸಣ್ಣ ಚಿತ್ರಗಳಿಗೆ ನೇರ ಉಪಯೋಗವಿಲ್ಲ.

ಸರಾಸರಿ 6.3 ಬಂದಿದೆ, ಆದರೆ 6 ಕೊಟ್ಟವರು ಒಬ್ಬರೂ ಇಲ್ಲ. ಇದೆಂಥ ಲೆಕ್ಕ?

40 ಜನರಲ್ಲಿ 22 ಜನ 9 ಕೊಟ್ಟು 18 ಜನ 3 ಕೊಟ್ಟರೆ ಸರಾಸರಿ ಸರಿಯಾಗಿ 6.3. ಸಾಧಾರಣ ಚಿತ್ರ ಎಂದು ಆ ಕೋಣೆಯಲ್ಲಿ ಯಾರೂ ಹೇಳಿಲ್ಲ. ಸ್ವತಂತ್ರ ಚಿತ್ರಗಳಿಗೆ ಹೀಗೆ ಎರಡು ಗುಡ್ಡಗಳ ಹಂಚಿಕೆ ಬರುವುದು ಸಾಮಾನ್ಯ, ಮತ್ತು ಅದರ ಕಾರಣ ಹಲವು ಸಲ ಚಿತ್ರದೊಳಗೆ ಇರುವುದಿಲ್ಲ: ಭಿತ್ತಿಪತ್ರ ಚಿತ್ರವನ್ನು ಥ್ರಿಲ್ಲರ್ ಎಂದು ಕರೆದಿದೆ, ಒಳಗೆ ಇರುವುದು ಒಬ್ಬ ಮುದುಕನ ಒಂಟಿತನ. 3 ಕೊಟ್ಟವರು ಚಿತ್ರಕ್ಕಲ್ಲ, ಆ ಭಿತ್ತಿಪತ್ರಕ್ಕೆ ಕೊಟ್ಟಿದ್ದಾರೆ.

ಎಷ್ಟು ಜನರ ಅಭಿಪ್ರಾಯ ತೆಗೆದುಕೊಂಡರೆ ಸಾಕು?

ಅಂಕ ಬೇಕೆಂದರೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. 10ರ ಅಳತೆಯಲ್ಲಿ ಅಂಕಗಳು ಸರಾಸರಿಯಿಂದ 2.5ರಷ್ಟು ಚದುರಿದ್ದರೆ, 25 ಜನರ ಸರಾಸರಿಯಲ್ಲಿ ಹೆಚ್ಚುಕಡಿಮೆ 1 ಅಂಕದಷ್ಟು ಅನಿಶ್ಚಿತತೆ ಇರುತ್ತದೆ. 100 ಜನರಾದಾಗ ಅದು ಅರ್ಧ ಅಂಕಕ್ಕೆ ಇಳಿಯುತ್ತದೆ. ಅದೂ ಅವರು ಯಾವ ನಂಟೂ ಇಲ್ಲದ ಜನರಾಗಿದ್ದರೆ ಮಾತ್ರ. 25 ಜನರಿಗೆ ಎರಡು ಸಂಕಲನಗಳನ್ನು ತೋರಿಸಿ 6.8 ಮತ್ತು 7.1ರ ನಡುವೆ ಆರಿಸುವುದು ನಾಣ್ಯ ಚಿಮ್ಮಿದಂತೆ.

ದೋಷ ಎಲ್ಲಿದೆ ಎಂದು ತಿಳಿಯಲು ಅಷ್ಟು ಜನ ಬೇಡ. ಹತ್ತು ಹನ್ನೆರಡು ಅಪರಿಚಿತರು ಬರೆದುಕೊಟ್ಟ ಚೀಟಿಗಳಲ್ಲಿ ಐದು ಒಂದೇ ದೃಶ್ಯವನ್ನು ತೋರಿಸಿದರೆ ಅಲ್ಲಿಗೆ ಹೋಗಿ ನೋಡಲು ಸಾಕಷ್ಟು ಕಾರಣವಿದೆ.

## ಚಿತ್ರ ಮಾಡಿದವರ ಪ್ರಶ್ನೆಗಳು

‘ಹೇಗಿತ್ತು’ ಅಂತ ಕೇಳಿದರೆ ಎಲ್ಲರೂ ‘ಚೆನ್ನಾಗಿತ್ತು’ ಅಂತಾರೆ. ಇನ್ನು ಹೇಗೆ ಕೇಳಬೇಕು?

ಮೊದಲು ನೀವು ಕೋಣೆಯಿಂದ ಹೊರಗೆ ಹೋಗಿ. ಚಿತ್ರ ಮಾಡಿದವರ ಮುಖ ನೋಡುತ್ತ ನಿಜ ಹೇಳುವವರು ವಿರಳ. ಎರಡನೆಯದಾಗಿ, ಮಾತಿಗಿಂತ ಮೊದಲು ಬರಹ. ನಾನು ಶುರುವಿನಲ್ಲಿ ಈ ತಪ್ಪನ್ನು ಮಾಡಿದ್ದೇನೆ: ದೀಪ ಹೊತ್ತಿದ ಕೂಡಲೇ ‘ಯಾರು ಮಾತಾಡ್ತೀರಿ’ ಎಂದು ಕೇಳಿದೆ, ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಹಿನ್ನೆಲೆ ಸಂಗೀತ ಜಾಸ್ತಿಯಾಯಿತು ಎಂದರು, ಆ ಮೇಲೆ ಮುಕ್ಕಾಲು ಗಂಟೆ ಎಲ್ಲರೂ ಹಿನ್ನೆಲೆ ಸಂಗೀತದ ಬಗ್ಗೆಯೇ ಮಾತನಾಡಿದರು. ಆಮೇಲೆ ಒಬ್ಬೊಬ್ಬರನ್ನೇ ಕೇಳಿದರೆ ಅರ್ಧದಷ್ಟು ಜನಕ್ಕೆ ಸಂಗೀತ ನೆನಪೂ ಇರಲಿಲ್ಲ.

ಕೇಳಬೇಕಾದದ್ದು ತೀರ್ಪನ್ನಲ್ಲ, ನೆನಪನ್ನು. ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ ಎಂದರೆ ಯಾವ ತಿರುವು ಅವರಿಗೆ ತಲುಪಿಲ್ಲ ಎಂಬುದು ತಾನಾಗಿ ಕಾಣುತ್ತದೆ. ಎಲ್ಲಿ ಗಡಿಯಾರ ನೋಡಬೇಕೆನಿಸಿತು, ಯಾರ ಹೆಸರು ನೆನಪಿದೆ, ತಾಯಿಗೆ ವಿಷಯ ಗೊತ್ತು ಎಂದು ನಿಮಗೆ ಯಾವಾಗ ತಿಳಿಯಿತು: ಇಂಥ ಪ್ರಶ್ನೆಗಳಿಗೆ ದಾಕ್ಷಿಣ್ಯದ ಉತ್ತರ ಕೊಡಲು ಆಗುವುದಿಲ್ಲ. ಐದಕ್ಕಿಂತ ಹೆಚ್ಚು ಪ್ರಶ್ನೆ ಬೇಡ, ಜನಕ್ಕೆ ಮನೆಗೆ ಹೋಗುವುದಿರುತ್ತದೆ.

ಚೀಟಿಗಿಂತಲೂ ನಂಬಬಹುದಾದದ್ದು ಮೈಭಾಷೆ. ಪ್ರದರ್ಶನದ ವೇಳೆ ಪರದೆಗೆ ಬೆನ್ನು ಮಾಡಿ, ಪಕ್ಕದ ಕತ್ತಲಲ್ಲಿ ನಿಂತು ಜನರನ್ನು ನೋಡಿ. ಕೆಮ್ಮು, ಕುರ್ಚಿಯ ಕಿರಗುಟ್ಟುವಿಕೆ, ಫೋನ್‌ಗಳ ನೀಲಿ ಬೆಳಕು ಒಟ್ಟಿಗೆ ಶುರುವಾಗುವ ನಿಮಿಷವನ್ನು ಬರೆದಿಟ್ಟುಕೊಳ್ಳಿ.

ಒಬ್ಬರು ಆ ದೃಶ್ಯ ತೆಗೆಯಿರಿ ಅಂತಾರೆ, ಇನ್ನೊಬ್ಬರು ಅದೇ ಬೆಸ್ಟ್ ಅಂತಾರೆ. ಯಾರ ಮಾತು ಕೇಳಲಿ?

ನೋವು ಎಲ್ಲಿದೆ ಎಂದು ಹೇಳುವಾಗ ರೋಗಿಯನ್ನು ನಂಬಬೇಕು, ಯಾವ ಔಷಧಿ ಎಂದು ಹೇಳುವಾಗ ನಂಬಬೇಕಾಗಿಲ್ಲ. ಒಬ್ಬರು ಬೇಡ, ಒಬ್ಬರು ಬೇಕು ಎಂದಾಗ ಇಬ್ಬರೂ ಒಂದೇ ಜಾಗಕ್ಕೆ ಬೆರಳು ಮಾಡಿದ್ದಾರೆ ಎಂಬುದು ಮುಖ್ಯ. ಆ ದೃಶ್ಯಕ್ಕೆ ಶಕ್ತಿಯಿದೆ, ಅದು ಎಲ್ಲರಿಗೂ ತಲುಪುತ್ತಿಲ್ಲ.

ತಲುಪದಿರಲು ಕಾರಣ ಆ ದೃಶ್ಯದಲ್ಲಿಯೇ ಇರಬೇಕೆಂದಿಲ್ಲ, ಬಹಳ ಸಲ ಅದಕ್ಕೂ ಮೊದಲೇ ಇರುತ್ತದೆ. ನಾನು ನೋಡಿದ ಒಂದು ಪ್ರಕರಣದಲ್ಲಿ ಕೊನೆಯ ಭಾಗದ ತಂದೆಮಗನ ಮೌನದ ದೃಶ್ಯ ಉದ್ದವಾಯಿತೆಂದು ಹೆಚ್ಚಿನವರು ಬರೆದಿದ್ದರು. ನಿರ್ದೇಶಕರು ಅದನ್ನು ಎರಡು ಸಲ ಕತ್ತರಿಸಿದರು, ದೂರು ನಿಲ್ಲಲಿಲ್ಲ. ಕಥೆಯನ್ನು ಬರೆಯಲು ಹೇಳಿದಾಗ ನಿಜಾಂಶ ಹೊರಬಿತ್ತು: ಮಗ ಕಾಗದವನ್ನು ಓದಿದ್ದಾನೆ ಎಂಬುದೇ ಅರ್ಧದಷ್ಟು ಜನಕ್ಕೆ ಗೊತ್ತಾಗಿರಲಿಲ್ಲ. ಇಪ್ಪತ್ತು ನಿಮಿಷ ಹಿಂದಿನ ದೃಶ್ಯದಲ್ಲಿ, ಅವನ ಕೈಯಲ್ಲಿ ಒಡೆದ ಲಕೋಟೆ ಇರುವ ಎರಡು ಸೆಕೆಂಡಿನ ಶಾಟ್ ಸೇರಿಸಿದರು. ಮೌನದ ದೃಶ್ಯವನ್ನು ಮೊದಲಿನ ಉದ್ದಕ್ಕೇ ಮರಳಿಸಿದರು, ಮತ್ತೆ ಯಾರೂ ಉದ್ದವೆನ್ನಲಿಲ್ಲ.

ಕೆಟ್ಟದಾಗಿ ಬರೆದವರಿಗೆ ಉತ್ತರ ಕೊಡಬೇಕಾ?

ಬೇಡ. ಸಂಗತಿಯ ತಪ್ಪಿದ್ದರೆ, ಉದಾಹರಣೆಗೆ ಛಾಯಾಗ್ರಾಹಕರ ಹೆಸರನ್ನು ತಪ್ಪಾಗಿ ಬರೆದಿದ್ದರೆ, ಒಂದು ಸಾಲಿನಲ್ಲಿ ತಿದ್ದಿ ಸುಮ್ಮನಾಗಿ. ಕೋಣನ ಮುಂದೆ ಕಿನ್ನರಿ ನುಡಿಸಿದಂತಾಯಿತು ಎಂದು ಪ್ರೇಕ್ಷಕರನ್ನು ಹೀಗಳೆದ ನಿರ್ದೇಶಕರ ಮಾತು ಅವರ ಚಿತ್ರಕ್ಕಿಂತ ಹೆಚ್ಚು ಕಾಲ ಜನರ ನೆನಪಿನಲ್ಲಿ ಉಳಿಯುತ್ತದೆ. ನೋಡದೆಯೇ ಗುಂಪಾಗಿ ಕೀಳು ಅಂಕ ಕೊಡುವವರ ವಿಷಯ ಬೇರೆ. ಅದನ್ನು ತಡೆಯಬೇಕಾದವರು ಅಂಕ ಪ್ರಕಟಿಸುವ ತಾಣದವರು, ಅವರಿಗೇ ದೂರು ಕೊಡಿ.

ಚಿತ್ರ ಬಿಡುಗಡೆಯಾಗಿ ಹೋಯಿತು. ಈಗ ಬರುವ ಅಭಿಪ್ರಾಯಗಳಿಂದ ಏನು ಉಪಯೋಗ?

ಚಿತ್ರೀಕರಣ ಮುಗಿದಿದೆ, ಉಳಿದದ್ದೆಲ್ಲ ಮುಗಿದಿಲ್ಲ. ಮಾತು ಕೇಳಿಸುತ್ತಿಲ್ಲವೆಂಬ ದೂರು ಬಂದರೆ ಮನೆಯ ಪರದೆಗೆ ಹೋಗುವ ಪ್ರತಿಗಾಗಿ ಸಂಗೀತದ ಮಟ್ಟ ಇಳಿಸಿ ಧ್ವನಿಮಿಶ್ರಣವನ್ನು ಮತ್ತೆ ಮಾಡಬಹುದು. ಚಿತ್ರಮಂದಿರಕ್ಕಾಗಿ ಮಾಡಿದ ಮಿಶ್ರಣ ಸಣ್ಣ ಸ್ಪೀಕರ್‌ಗಳಲ್ಲಿ ಮಾತನ್ನು ನುಂಗುವುದು ದೊಡ್ಡ ಚಿತ್ರಗಳಲ್ಲೂ ಇರುವ ತೊಂದರೆ. ಉಪಶೀರ್ಷಿಕೆಯ ತಪ್ಪುಗಳನ್ನು ತಿದ್ದಬಹುದು. ನೋಡಿ ಮೆಚ್ಚಿದವರು ಗೆಳೆಯರಿಗೆ ಚಿತ್ರವನ್ನು ಯಾವ ಮಾತುಗಳಲ್ಲಿ ವರ್ಣಿಸುತ್ತಿದ್ದಾರೆ ಎಂದು ಕಿವಿಗೊಟ್ಟು ಕೇಳಿ, ಭಿತ್ತಿಪತ್ರದ ಸಾಲನ್ನೂ ಟ್ರೇಲರನ್ನೂ ಅದಕ್ಕೆ ತಕ್ಕಂತೆ ಬದಲಿಸಬಹುದು. ನಿಮ್ಮ ಚಿತ್ರವನ್ನು ನೀವು ಥ್ರಿಲ್ಲರ್ ಎಂದು ಕರೆದಿದ್ದರೆ, ಅವರು ಅದನ್ನು ‘ಒಬ್ಬ ಮುದುಕನ ಕಥೆ, ಕೂತು ನೋಡಿ’ ಎನ್ನುತ್ತಿದ್ದರೆ, ಅವರ ಮಾತನ್ನೇ ಎತ್ತಿಕೊಳ್ಳಿ.